ಕೊಟ್ಟವಳು, ತೊಟ್ಟವನು

ನಮ್ಮ ಬಕ್‌ಹಾರ್ನ್ ಹೊಳೆಯ ಸೀಮೆಯಲ್ಲಿ ಹೆಣ್ಣು ಬಾಯಿಬಿಟ್ಟು ಮದುವೆಗೆ ಒಪ್ಪಿದೆ ಎನ್ನುವ ಪದ್ಧತಿ ಇರಲಿಲ್ಲ. ಗಂಡೂ ಹೇಳುತ್ತಿರಲಿಲ್ಲ. ಹುಡುಗಿ ತಾನೇ ಬಿತ್ತಿ ಬೆಳೆದ ಹತ್ತಿಯಿಂದ ನೂಲು ತೆಗೆದು, ನೇಯ್ದು, ಬಣ್ಣ ಕಟ್ಟಿ, ಹೊಲಿದು ಒಂದು ಕೋಟು, ಒಂದು ಷರಾಯಿ ಅವನ ಕೈಗೆ ಕೊಡಬೇಕು. ಕೊಟ್ಟರೆ ಅವಳ ಒಪ್ಪಿಗೆ ಮುಗಿಯಿತು. ಆಮೇಲೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವನು ಅದನ್ನು ತೊಟ್ಟು ಒಂದು ಭಾನುವಾರ ಪ್ರಾರ್ಥನೆ ಮನೆಗೆ ಬಂದು ಗಂಡಸರ ಸಾಲಿನಲ್ಲಿ ಕೂತರೆ ಅವನ ಒಪ್ಪಿಗೆಯೂ ಆಯಿತು. ಬೋಧಕರು ಅವನನ್ನು ಒಮ್ಮೆ ನೋಡಿ ತಲೆಯಾಡಿಸುತ್ತಿದ್ದರು. ದಿನ ಗೊತ್ತುಮಾಡುವುದು ಬಿಟ್ಟರೆ ಮಿಕ್ಕ ಕೆಲಸವೇನೂ ಇರುತ್ತಿರಲಿಲ್ಲ.

ಕೇಳುವುದಕ್ಕೆ ಚೆಂದವೇ. ಮಾಡಿದವಳನ್ನು ಕೇಳಿ ನೋಡಿ. ಹೊಳೆಯ ಅಂಚಿನ ಒಂದು ತುಂಡು ನೆಲವನ್ನು ಅಪ್ಪ ನನಗೆಂದು ಬಿಟ್ಟುಕೊಟ್ಟಿದ್ದ. ಕಳೆ ಕಿತ್ತವಳು ನಾನು, ಹತ್ತಿ ಬಿಡಿಸಿದವಳು ನಾನು. ಟಾಲಿವರ್ ಧಣಿಯ ಕಣದಲ್ಲಿ ಬೀಜ ತೆಗೆಯುವ ಯಂತ್ರ ಬಂದು ಬಹಳ ಕಾಲವಾಗಿತ್ತು. ಆದರೆ ಮದುವೆಯ ಬಟ್ಟೆಯ ಹತ್ತಿ ಯಂತ್ರಕ್ಕೆ ಹೋಗಬಾರದು ಎಂದು ಅವ್ವ ಹಟ ಹಿಡಿದಿದ್ದಳು. ಚಳಿಗಾಲವೆಲ್ಲ ಒಲೆ ಮುಂದೆ ಕೂತು, ಅಪ್ಪನ ಬೂಟಿನ ತುಂಬ ಹತ್ತಿ ಅಳೆದುಕೊಂಡು, ಬೂಟು ಖಾಲಿಯಾಗುವವರೆಗೆ ಬೀಜ ಕೀಳುತ್ತಿದ್ದೆ. ಉಗುರಿನ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಆಮೇಲೆ ಹಿಂಜುವುದು, ಹಂಜಿ ಮಾಡುವುದು, ನೂಲುವುದು, ಮಗ್ಗದ ಹಾಸಿನ ನೂಲಿಗೆ ಗಂಜಿ ಕೊಡುವುದು. ಕೋಟಿಗೆ ನೀಲಿ. ನೀಲಿಯ ಗಡಿಗೆ ಒಲೆಯ ಮೂಲೆಯಲ್ಲಿ ಮುಚ್ಚಿಕೊಂಡು ಕೂತಿರುತ್ತಿತ್ತು. ನೀಲಿಯ ಜೊತೆ ಅದರೊಳಗೆ ಏನು ಬೀಳುತ್ತದೆ ಎಂದು ಮರ್ಯಾದಸ್ಥರು ಕೇಳಬಾರದು. ಮನೆಮಂದಿಯೆಲ್ಲ ಬೆಳಗ್ಗೆ ಎದ್ದವರೇ ಅದಕ್ಕೆ ತಮ್ಮ ತಮ್ಮ ಪಾಲು ಒಪ್ಪಿಸುತ್ತಿದ್ದರು, ಇಷ್ಟು ಹೇಳಿದರೆ ಸಾಕು. ಷರಾಯಿಗೆ ಅಕ್ರೋಟಿನ ಸಿಪ್ಪೆ ಕುದಿಸಿದ ಕಂದು ಬಣ್ಣ. ನನ್ನ ಮುಂಗೈ ತಿಂಗಳುಗಟ್ಟಲೆ ಅದೇ ಬಣ್ಣದಲ್ಲಿತ್ತು.

ಇಷ್ಟೆಲ್ಲ ಜಾರೆಡ್ ಪ್ರುಯಿಟ್‌ಗಾಗಿ. ಜಾರೆಡ್ ಎಂದರೆ ನನಗೆ ಪ್ರಾಣವಾಗಿತ್ತು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವನು ಬೇಲಿ ಹಾರಿ ಬರುವ ರೀತಿ, ಶಿಳ್ಳೆ ಹಾಕುತ್ತ ಕೊಡಲಿ ಬೀಸುವ ರೀತಿ, ಮಜ್ಜಿಗೆ ಕುಡಿದು ಮೂಗಿನ ಕೆಳಗೆ ಬಿಳಿ ಮೀಸೆ ಮಾಡಿಕೊಂಡು ನಗುವ ರೀತಿ, ಎಲ್ಲಕ್ಕೂ ನಾನು ಸೋತಿದ್ದೆ.

ಹೊಲಿಗೆ ಮುಗಿದ ಮೇಲೆ ಹೊಳೆಯ ಆಚೆ ಈಚೆಯ ಹೆಂಗಸರೆಲ್ಲ ನೋಡಲು ಬಂದರು. ಅದೂ ಒಂದು ಪದ್ಧತಿ. ಕೋಟನ್ನು ಹಾಸಿಗೆಯ ಮೇಲೆ ಹರಡಿ, ಹೊಲಿಗೆ ಎಳೆದು ನೋಡಿ, ಗುಂಡಿ ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿದರು. "ಇವಳ ಕೈ ಒಳ್ಳೇದು ಕಣವ್ವ, ಬಾಯಿ ಮಾತ್ರ ಸ್ವಲ್ಪ ಜೋರು," ಎಂದು ಜಾರೆಡ್‌ನ ಚಿಕ್ಕಮ್ಮ ಅವ್ವನಿಗೆ ಹೇಳಿದಳು. ಎಲ್ಲರೂ ನಕ್ಕರು. ಆ ಬಟ್ಟೆಯ ಒಂದೊಂದು ಎಳೆಯೂ ಆ ದಿನದಿಂದ ಊರಿಗೆಲ್ಲ ಗುರುತಾಯಿತು.

ಅಷ್ಟು ಹೊತ್ತಿಗೆ ಜಾರೆಡ್ ಊರಲ್ಲಿರಲಿಲ್ಲ. ಟಾಲಿವರ್ ಧಣಿಯ ಹತ್ತಿ ಗಾಡಿಗಳ ಜೊತೆ ಆಗಸ್ಟಾ ಪಟ್ಟಣಕ್ಕೆ ಹೋಗಿದ್ದ. ಗಾಡಿ ಹೊಡೆದವನು ಮಿಂಗೊ, ಧಣಿಯ ಗುಲಾಮ. ಹಿಂದಿನ ವರ್ಷವಷ್ಟೇ ಕಡಲ ತೀರದ ಭತ್ತದ ಗದ್ದೆಗಳ ಕಡೆಯಿಂದ ಕೊಂಡು ತಂದವನು. ಬಂದ ಕೆಲವೇ ತಿಂಗಳಿಗೆ ಧಣಿಯ ಅಡುಗೆಮನೆಯ ಸೂಕಿಯ ಜೊತೆ ಸಂಸಾರ ಹೂಡಿದ್ದ. ಎತ್ತರದ ಆಳು, ನಗುಮುಖ. ನಮ್ಮ ಕಡೆಯ ಮಾತೇ ಅವನಿಗೆ ಇನ್ನೂ ಪೂರ್ತಿ ಹತ್ತಿರಲಿಲ್ಲ, ನಮ್ಮ ಪದ್ಧತಿಗಳಂತೂ ದೂರವೇ ಉಳಿದವು.

ಪೀಚ್ ಮರಗಳು ಹೂ ಬಿಡುವ ಕಾಲಕ್ಕೆ ಜಾರೆಡ್ ವಾಪಸು ಬಂದ. ಬಂದವನನ್ನು ನೋಡಿ ನನಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಅಂಗಡಿಯಲ್ಲಿ ಕೊಂಡ ಕಪ್ಪು ಕೋಟು, ಮುಂದೆ ಮೋಟು, ಹಿಂದೆ ಎರಡು ಬಾಲ. ಕಾಲಿಗೆ ಅಂಟಿಕೊಂಡ ಉದ್ದನೆಯ ಷರಾಯಿ, ಅದು ಮೇಲೇರದಂತೆ ಬೂಟಿನ ಅಡಿಯಿಂದ ಒಂದು ಪಟ್ಟಿ. ಗದ್ದದವರೆಗೆ ನಿಂತ ಕಾಲರು.

ಅಪ್ಪ ಜಗಲಿಯ ಮೇಲೆ ಮೊಣಕಾಲಿಗೇ ಮುಗಿಯುವ ತನ್ನ ಹಳೆಯ ಷರಾಯಿಯಲ್ಲಿ ಕೂತು ಲಗಾಮು ಹೊಲಿಯುತ್ತಿದ್ದ. "ಏನೋ ಇದು ವೇಷ? ಕುತ್ತಿಗೆಗೆ ಯಾವನ್ಲಾ ಹಲಗೆ ಕಟ್ಟಿದ್ದು?" ಎಂದ.

"ಈಗ ಎಲ್ಲಾರೂ ಹಿಂಗೇ ಹಾಕ್ಕೊಳ್ಳೋದು ಮಾವ."

"ಅದ್ರಲ್ಲಿ ಕೂತ್ಕೊಳ್ಳಕ್ಕೆ ಆಯ್ತದಾ?"

"ಯಾಕಾಗಲ್ಲ?" ಎಂದು ಜಾರೆಡ್ ಪಕ್ಕದ ಬೆಂಚಿನ ಮೇಲೆ ಕೂರಲು ಹೋದ. ಮೊಳೆ ಇದೆಯೇನೋ ಎಂಬಂತೆ ಅಷ್ಟಷ್ಟೇ ಇಳಿದ. ಅಪ್ಪ ನಕ್ಕೂ ನಕ್ಕೂ ಸೂಜಿ ಬೀಳಿಸಿಕೊಂಡ. ನಾನೂ ನಕ್ಕೆ. ನನಗಿನ್ನೂ ಹೆದರಿಕೆ ಹುಟ್ಟಿರಲಿಲ್ಲ.

ಶನಿವಾರ ಅವನನ್ನು ನೀರಿನ ಒರತೆಯ ಹತ್ತಿರ ಕರೆದುಕೊಂಡು ಹೋಗಿ ಗಂಟು ಕೈಗಿಟ್ಟೆ. ಅವನು ಗಂಟು ಬಿಚ್ಚಲಿಲ್ಲ, ಒಂದು ಮೂಲೆ ಸರಿಸಿ ನೋಡಿದ.

"ಚೆನ್ನಾಗೈತೆ ಕಣೆ ಮಹಾಲಾ. ಹೊಲಕ್ಕೆ ಹಾಕ್ಕೊಳ್ತೀನಿ."

"ಹೊಲಕ್ಕಾ?"

"ಗಟ್ಟಿ ಐತಲ್ಲ, ಅದಕ್ಕೆ ಅಂದೆ."

"ಹೊಲಕ್ಕೆ ಹಾಕ್ಕೊಳ್ಳಕ್ಕೆ ಗೋಣಿಚೀಲ ಐತೆ ಕಣೋ ನಿಮ್ಮನೇಲಿ. ಇದನ್ನ ಯಾಕೆ ಕೊಡ್ತಾರೆ ಅಂತ ನಿಂಗೊತ್ತಿಲ್ವಾ? ನಾಳೆ ಭಾನುವಾರ."

ಅವನು ಕಾಲರಿನೊಳಗೆ ಬೆರಳು ತೂರಿಸಿ ಕುತ್ತಿಗೆ ಸಡಿಲ ಮಾಡಿಕೊಂಡ. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದ: "ಆಗಸ್ಟಾದಲ್ಲಿ ಅಂಗಡಿ ಮುಂದೆ ನಿಂತಿದ್ದೆ. ನಮ್ಮವ್ವ ನೇಯ್ದ ಅಂಗಿ ಹಾಕಿದ್ದೆ. ಹಿಂದುಗಡೆಯಿಂದ ಒಬ್ಬ ಬಂದು ಭುಜ ತಟ್ಟಿ, ಯಾವ ಧಣಿ ಕಡೆಯವನೋ ನೀನು, ಹೊರಗೆ ತಿರುಗಕ್ಕೆ ಧಣಿ ಬರೆದುಕೊಟ್ಟ ಚೀಟಿ ಐತಾ, ಅಂದ. ತಿರುಗಿದೆ. ಮುಖ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕ. ಸುತ್ತ ಇದ್ದೋರೆಲ್ಲ ನಕ್ಕರು. ಪಕ್ಕದಲ್ಲಿ ಮಿಂಗೊ ನಿಂತಿದ್ದ. ಅವನೂ ನಾನೂ ಒಂದೇ ಥರದ ಬಟ್ಟೆ. ಅಲ್ಲಿ ಮನೇಲಿ ನೇಯ್ದಿದ್ದು ಹಾಕೋರು ಗುಲಾಮರು ಮಾತ್ರ ಕಣೆ."

"ಮಿಂಗೊನೂ ನಕ್ಕನಾ?"

"ಅವನು ನಗಲಿಲ್ಲ. ಅದೇ ನಂಗೆ ಜಾಸ್ತಿ ಉರಿದಿದ್ದು."

ನನಗೆ ಅವನ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು. "ಆಗಸ್ಟಾದೋನು ಯಾವನೋ ನಕ್ಕ ಅಂತ ನಾನು ಒಂದು ವರ್ಷ ಉಗುರು ಸವೆಸಿದ್ದು ನೀರಿಗೆ ಹೋಗ್ಬೇಕಾ? ಬೇಡ ಅಂದ್ರೆ ಬೇಡ ಅನ್ನು. ಇಲ್ಲೇ ಹೇಳ್ಬಿಡು," ಎಂದೆ. ಹೇಳುತ್ತ ಹೇಳುತ್ತ ಅಂಗೈಯಿಂದ ಕಣ್ಣೊರೆಸಿಕೊಂಡೆ.

"ಅಳಬೇಡ ಮಾರಾಯ್ತಿ. ತೊಟ್ಕೊಂಡು ಬರ್ತೀನಿ ಆಯ್ತಾ? ನಾಳೆ ತೊಟ್ಕೊಂಡೇ ಬರ್ತೀನಿ." ಗಂಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ. ಪಟ್ಟಿ ಬಿಗಿದ ಷರಾಯಿಯಲ್ಲಿ ಅವನಿಗೆ ಬೇಲಿ ಹಾರಲಾಗಲಿಲ್ಲ. ಸುತ್ತಿಕೊಂಡು ಗೇಟಿನಿಂದ ಹೋದ.

ಭಾನುವಾರ ನಾನು ಹೆಂಗಸರ ಸಾಲಿನ ತುದಿಯಲ್ಲಿ, ಬಾಗಿಲು ಕಾಣುವ ಹಾಗೆ ಕೂತೆ. ಒಬ್ಬೊಬ್ಬರೂ ಒಳಗೆ ಬರುವಾಗ ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು. ಜಾರೆಡ್ ಬಂದ. ಕಪ್ಪು ಕೋಟು, ಹಿಂದೆ ಎರಡು ಬಾಲ. ನನ್ನ ಕಡೆ ನೋಡದೆ ಗಂಡಸರ ಸಾಲಿಗೆ ಹೋಗಿ ಕೂತ. ಪಕ್ಕದಲ್ಲಿದ್ದ ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟು ಅದುಮಿದಳು. ಎದ್ದು ಹೋಗಿಬಿಡೋಣ ಅನಿಸಿತು. ಅವ್ವ ಕೈ ತೆಗೆಯಲಿಲ್ಲ.

ಆಮೇಲೆ ಟಾಲಿವರ್ ಧಣಿಯ ಮನೆಯವರು ಬಂದರು. ಅವರ ಹಿಂದೆ ಗುಲಾಮರು ಬಂದು ಬಾಗಿಲ ಪಕ್ಕದ ಹಿಂದಿನ ಬೆಂಚಿನಲ್ಲಿ ಕೂರುವುದು ವಾಡಿಕೆ. ಸೂಕಿ ಬಂದಳು. ಅವಳ ಹಿಂದೆ ಮಿಂಗೊ.

ನನ್ನ ಕೋಟು ತೊಟ್ಟಿದ್ದ. ನನ್ನ ಷರಾಯಿ ತೊಟ್ಟಿದ್ದ. ತೋಳು ಮಣಿಕಟ್ಟಿಗಿಂತ ಗೇಣು ಮೇಲೆ ನಿಂತಿತ್ತು, ಭುಜದಲ್ಲಿ ಹೊಲಿಗೆ ಬಿರಿಯುವ ಹಾಗಿತ್ತು. ಅವನಿಗೆ ಅದರ ಪರಿವೆಯಿಲ್ಲ. ತಲೆಯೆತ್ತಿ, ಹೊಸ ಬಟ್ಟೆ ತೊಟ್ಟ ಯಾವನೇ ಆಗಲಿ ನಡೆಯುವ ಹಾಗೆ ನಡೆದು ಬಂದು ಕೂತ. ಅವನಿಗೆ ಏನು ಗೊತ್ತು?

ಮುಂದಿನ ಬೆಂಚಿನ ಜೆಬ್ ಅಜ್ಜ, ನಾಲಿಗೆಗೆ ಲಗಾಮಿಲ್ಲದ ಮುದುಕ, ತಿರುಗಿ ನೋಡಿದವನೇ ತೊಡೆ ತಟ್ಟಿದ. "ಮಹಾಲಾ, ತಗೋ ಬಂದ್ನಲ್ಲವ್ವಾ ನಿನ್ನ ಗಂಡು! ಹಿಂದ್ಗಡೆ ಬೆಂಚಲ್ಲಿ ಕೂತವ್ನೆ ನೋಡು!"

ಇಡೀ ಪ್ರಾರ್ಥನೆ ಮನೆ ನಕ್ಕಿತು. ಹೆಂಗಸರು ಟೋಪಿಯ ಲಾಡಿಯಿಂದ ಬಾಯಿ ಮುಚ್ಚಿಕೊಂಡರು. ಬೋಧಕರ ತುಟಿಯೂ ಅಲುಗಿತು. ಆಮೇಲೆ, ತಾವು ನಕ್ಕದ್ದು ಯಾವುದಕ್ಕೆ ಎಂಬುದು ಗಂಡಸರಿಗೆ ಒಬ್ಬೊಬ್ಬರಾಗಿ ಹೊಳೆಯಿತು. ಬಿಳಿಯ ಹುಡುಗಿಯ ಮದುವೆ ಬಟ್ಟೆ, ಅದನ್ನು ತೊಟ್ಟು ಕೂತ ಗುಲಾಮ. ನಗು ಸಾಲು ಸಾಲಾಗಿ ನಿಂತಿತು. ಮಿಂಗೊ ಸುತ್ತ ನೋಡಿದ. ಸೂಕಿ ಅವನ ತೋಳು ಹಿಡಿದು ಏನೋ ಪಿಸುಗುಟ್ಟಿದಳು. ಅವನು ತೋಳು ಒಳಗೆಳೆದುಕೊಂಡು ಬೆಂಚಿನ ಮೂಲೆಗೆ ಸರಿದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಬೋಧಕರು ಗ್ರಂಥ ತೆರೆದು ಓದಿದರು. ಏನು ಓದಿದರೋ, ಯಾರೂ ಕೇಳಿಸಿಕೊಳ್ಳಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಓಕ್ ಮರದ ಕೆಳಗೆ ಎಲ್ಲರೂ ನಿಂತರು. ಟಾಲಿವರ್ ಧಣಿ ಮಿಂಗೊನನ್ನು ಕರೆದ.

"ಎಲ್ಲಿಂದ ಬಂತೋ ಈ ಬಟ್ಟೆ?"

"ಜಾರೆಡ್ ಅಯ್ಯ ಕೊಟ್ರು ಧಣಿ. ನಿನ್ನೆ ಸಂಜೆ. ನಂಗೆ ಬೇಡ, ನಿಮ್ಮಂಥೋರಿಗೆ ಸರಿ ಇದು, ತಗೋ, ಅಂದ್ರು."

ಎಲ್ಲರ ಕಣ್ಣೂ ಜಾರೆಡ್ ಕಡೆ ತಿರುಗಿತು. ನನ್ನ ಅಪ್ಪ ಅಲ್ಲಿದ್ದ, ಅವನ ಅಪ್ಪ ಅಲ್ಲಿದ್ದ. ಜಾರೆಡ್‌ನ ಮುಖ ಕಾಲರಿನ ಮೇಲೆ ಕೆಂಪಗೆ ಉಬ್ಬಿತ್ತು. ಕೊಟ್ಟೆ ಎಂದಿದ್ದರೆ ಏನಾಗುತ್ತಿತ್ತು? ನಮ್ಮ ಅಪ್ಪ ಎರಡು ಬೈಯುತ್ತಿದ್ದ, ಊರು ನಾಲ್ಕು ದಿನ ಆಡಿಕೊಳ್ಳುತ್ತಿತ್ತು. ಅಷ್ಟೇ.

"ನಾನ್ಯಾಕೆ ಕೊಡ್ಲಿ?" ಎಂದ ಜಾರೆಡ್. "ಬಿಸಿಲಿಗೆ ಬೇಲಿ ಮೇಲೆ ಹರವಿದ್ದೆ. ಬೆಳಗ್ಗೆ ಎದ್ದು ನೋಡ್ತೀನಿ, ಇರಲಿಲ್ಲ. ಅದಕ್ಕೇ ಇದನ್ನ ಹಾಕ್ಕೊಂಡು ಬರಬೇಕಾಯ್ತು."

ಮಿಂಗೊ ಅವನನ್ನು ಒಂದು ಸಲ ನೇರವಾಗಿ ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ: "ಹಂಗಾದ್ರೆ ಬೇಲಿ ಮೇಲಿಂದಾನೇ ತಗೊಂಡಿರ್ಬೇಕು ಧಣಿ."

ನನಗೆ ತಡೆಯಲಾಗಲಿಲ್ಲ. ಹೆಂಗಸರ ಗುಂಪಿನಿಂದ ಮುಂದೆ ಬಂದೆ. "ಸುಳ್ಳು ಅದು! ಅವನ ಬೆನ್ನು ನೋಡಿ. ನಾನು ಮಡಚಿದ ಗೆರೆ ಹಂಗಂಗೇ ಐತೆ ಕೋಟಿನ ಮೇಲೆ. ಬೇಲಿ ಮೇಲೆ ಹರವಿದ ಬಟ್ಟೇಲಿ ಮಡಿಕೆ ಹೆಂಗೆ ಉಳೀತದೆ? ಗಂಟು ಬಿಚ್ಚೇ ಇಲ್ಲ ಇವನು. ಗಂಟಿನ ಸಮೇತ ಕೊಟ್ಟವ್ನೆ!"

ಬೆನ್ನ ಮೇಲೆ ಎರಡು ಗೆರೆ ಅಡ್ಡಕ್ಕೆ, ಒಂದು ಉದ್ದಕ್ಕೆ, ಇಸ್ತ್ರಿ ಹಾಕಿ ಮಡಚಿದಷ್ಟು ಚೂಪಾಗಿತ್ತು. ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಕಂಡಿತು. ಜಾರೆಡ್‌ನ ಚಿಕ್ಕಮ್ಮನಿಗೂ ಕಂಡಿತು. ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡರು.

"ಬೇಡ ಅಮ್ಮಣ್ಣಿ," ಎಂದ ಮಿಂಗೊ, ತಗ್ಗಿದ ದನಿಯಲ್ಲಿ. "ದಮ್ಮಯ್ಯ, ಬೇಡ."

ಅವನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ನನ್ನ ಮದುವೆ ಬಟ್ಟೆ ತೊಟ್ಟವನ ಪರವಾಗಿ ನಾನು ಎಲ್ಲರ ಮುಂದೆ ಕೂಗಾಡಿದ್ದು ಗಂಡಸರಿಗೆ ಬೇರೆಯೇ ರೀತಿ ಕೇಳಿಸಿತ್ತು. "ಇವಳಿಗ್ಯಾಕೆ ಇಷ್ಟು ಉರಿ?" ಎಂದು ಯಾರೋ ಅಂದರು. ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. "ಬಾಯ್ಮುಚ್ಕೊಂಡು ನಡಿ ಮನೆಗೆ. ಇನ್ನೊಂದು ಮಾತಾಡಿದ್ರೆ ನೋಡು." ಅಪ್ಪ ನನ್ನ ಮೇಲೆ ಎಂದೂ ಕೈ ಮಾಡಿದವನಲ್ಲ. ಅವತ್ತು ಹೊಳೆಯವರೆಗೂ ಹಿಡಿದ ರಟ್ಟೆ ಬಿಡಲಿಲ್ಲ.

ಕೋಟು ಬಿಚ್ಚಿಸಿದರಂತೆ, ಷರಾಯಿ ಬಿಚ್ಚಿಸಲಿಲ್ಲವಂತೆ. ನಾವು ಹೊಳೆ ದಾಟುವ ಹೊತ್ತಿಗೆ ಚಾಟಿಯ ಸದ್ದು ಶುರುವಾಗಿತ್ತು. ಅವ್ವ ನನ್ನ ಕಿವಿ ಮುಚ್ಚಲು ಬಂದಳು. ನಾನು ಅವಳ ಕೈ ತಳ್ಳಿದೆ.

ವಾರದೊಳಗೆ ಟಾಲಿವರ್ ಧಣಿ ಮಿಂಗೊನನ್ನು ಅಲಬಾಮಾ ಕಡೆ ಹೋಗುವ ವ್ಯಾಪಾರಿಗೆ ಮಾರಿಬಿಟ್ಟ. ಕಳ್ಳನನ್ನು ಇಟ್ಟುಕೊಳ್ಳಬಾರದು ಎಂದು ಊರಿನವರು ಒಪ್ಪಿದರು. ಸೂಕಿಯನ್ನು ಮಾರಲಿಲ್ಲ, ಅವಳ ಕೈ ರೊಟ್ಟಿ ಧಣಿಗೆ ಬೇಕಿತ್ತು.

ಶನಿವಾರ ಸಂಜೆ ಸೂಕಿ ನಮ್ಮ ಮನೆಗೆ ಬಂದಳು. ಜಗಲಿ ಹತ್ತಲಿಲ್ಲ. ಕೈಯಲ್ಲಿ ಒಗೆದು ಮಡಚಿದ ಕೋಟು, ಷರಾಯಿ.

"ಧಣಿ ಕೊಟ್ಟು ಬಾ ಅಂದ್ರು ಅಮ್ಮಣ್ಣಿ."

ನಾನು ಕೈ ಚಾಚಲಿಲ್ಲ. "ನಂಗೆ ಬೇಡ ಸೂಕಿ. ತಗೊಂಡೋಗು. ಸುಟ್ಟಾಕು."

"ಸುಟ್ರೆ ನಾನು ಏನಂತ ಹೇಳ್ಲಿ ಅವ್ರಿಗೆ?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. "ತಣ್ಣೀರಲ್ಲಿ ಒಗೆದಿದೀನಿ. ಕೋಟಿಗೇನೂ ಆಗಿಲ್ಲ. ಷರಾಯಿ ಸೊಂಟದ ಹತ್ರ ಕಲೆ ಪೂರ್ತಿ ಹೋಗಿಲ್ಲ. ಕಂದು ಬಣ್ಣ ಅಲ್ವಾ, ಕಾಣಲ್ಲ."

"ಮಿಂಗೊ ಏನಾದ್ರೂ..." ಎಂದೆ.

"ನಿಮ್ಮ ಬಗ್ಗೆಯಾ? ಏನೂ ಹೇಳಲಿಲ್ಲ ಅಮ್ಮಣ್ಣಿ." ಬಟ್ಟೆಯನ್ನು ಜಗಲಿಯ ಅಂಚಿನ ಮೇಲಿಟ್ಟಳು. "ನಂಗೂ ಏನೂ ಹೇಳಕ್ಕೆ ಅವನ್ನ ಬಿಡಲಿಲ್ಲ. ನಾನು ರೊಟ್ಟಿ ತಟ್ತಾ ಇದ್ದೆ. ಹೊರಗೆ ಬರೋ ಹೊತ್ಗೆ ಗಾಡಿ ಹೋಗಿತ್ತು."

ಅವಳು ಹೋದ ಮೇಲೆ ಅದನ್ನು ಒಲೆಗೆ ಹಾಕಲು ಎತ್ತಿಕೊಂಡೆ. ಅಪ್ಪ ಕಿತ್ತುಕೊಂಡ. ಅವನೂ ಜಾರೆಡ್‌ನ ಅಪ್ಪನೂ ಆಗಲೇ ಮಾತು ಮುಗಿಸಿದ್ದರು. ಜಾರೆಡ್ ಈಗ ಆ ಬಟ್ಟೆ ತೊಡದೆ ವಿಧಿಯಿರಲಿಲ್ಲ. ತೊಡದಿದ್ದರೆ ಅವನೇ ಕೊಟ್ಟದ್ದೆಂದು ಊರು ಅನ್ನುತ್ತಿತ್ತು. ಕಳುವಾದದ್ದು ನಿಜವಾಗಿದ್ದರೆ, ಸಿಕ್ಕಿದ ಮೇಲೆ ತೊಡಲೇಬೇಕಲ್ಲ. ನನ್ನ ಮೇಲೆ ಎದ್ದಿದ್ದ ಗುಸುಗುಸು ನಿಲ್ಲುವುದಕ್ಕೂ ಅದೊಂದೇ ದಾರಿ ಎಂದು ಅಪ್ಪ ನಂಬಿದ್ದ.

"ನಂಗೆ ಅವನು ಬೇಡ ಅವ್ವಾ," ಎಂದೆ. "ಅವನ ಮುಖ ನೋಡಕ್ಕಾಗಲ್ಲ ನನ್ನ ಕೈಲಿ."

ಅವ್ವ ರಾಟೆ ನಿಲ್ಲಿಸಲಿಲ್ಲ. "ಕೊಟ್ಟಾಯ್ತಲ್ಲ ಮಗಳೇ. ಕೊಟ್ಟ ಮೇಲೆ ವಾಪಸ್ ಇಸ್ಕೊಂಡೋಳು ಯಾರವ್ಳೆ ಈ ಹೊಳೆ ಕಡೆ? ನಿನ್ನ ಇನ್ಯಾವನು ಕಟ್ಕೊಳ್ತಾನೆ?" ಅವಳ ಕಣ್ಣಲ್ಲಿ ನೀರಿತ್ತು. ನೂಲು ಮಾತ್ರ ತುಂಡಾಗದೆ ಬರುತ್ತಿತ್ತು.

ಮರುದಿನ ಜಾರೆಡ್ ಪ್ರಾರ್ಥನೆ ಮನೆಗೆ ಬಂದ. ನೀಲಿ ಕೋಟು, ಕಂದು ಷರಾಯಿ. ಬಾಗಿಲಲ್ಲಿ ಅವನು ಹಾದುಹೋದಾಗ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂತಿದ್ದ ಸೂಕಿ ಅವನ ಸೊಂಟದ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು. ಅವನು ಗಂಡಸರ ಸಾಲಿನಲ್ಲಿ ಕೂತ. ಬೋಧಕರು ಅವನನ್ನು ನೋಡಿ ತಲೆಯಾಡಿಸಿದರು. ಎರಡೂ ಕಡೆಯಿಂದ ಹೆಂಗಸರು ನನ್ನ ಕೈ ಅದುಮಿದರು. ಜೆಬ್ ಅಜ್ಜ ಕೂಡ ಬಾಯಿ ಮುಚ್ಚಿಕೊಂಡು ಕೂತಿದ್ದ.

ಬಟ್ಟೆ ಅವನಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತು ಎಂದರೆ ನೋಡಲು ಹಿಂಸೆಯಾಗುತ್ತಿತ್ತು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದಿತ್ತು, ಭುಜದಲ್ಲಿ ಒಂದು ಸುಕ್ಕಿಲ್ಲ, ಸೊಂಟ ಹೇಳಿ ಮಾಡಿಸಿದ ಹಾಗಿತ್ತು. ಅವನ ಅಳತೆಗೇ ಅಲ್ಲವೇ ನಾನು ಹೊಲಿದದ್ದು.

ಹೊರಗೆ ಓಕ್ ಮರದ ಕೆಳಗೆ ಅವನು ನನ್ನ ಹತ್ತಿರ ಬಂದು ತೋಳು ಚಾಚಿದ. ಅವನ ಮುಖದಲ್ಲಿ ಅಳುಕೇನೂ ಇರಲಿಲ್ಲ. ಬೇಲಿಯ ಕಥೆಯನ್ನು ಅವನೇ ನಂಬಿಬಿಟ್ಟಿದ್ದನೋ ಏನೋ.

"ತೊಟ್ಕೊಂಡು ಬಂದೆ ನೋಡು," ಎಂದ. "ಈಗ ಸಂತೋಷವಾ?"

ಅಪ್ಪ ನೋಡುತ್ತಿದ್ದ, ಅವ್ವ ನೋಡುತ್ತಿದ್ದಳು, ಊರೆಲ್ಲ ನೋಡುತ್ತಿತ್ತು. ಅವನ ತೋಳಿನ ಮೇಲೆ ಕೈಯಿಟ್ಟು ಸಂತೋಷ ಎಂದೆ.